ಗುಲಗಂಜಿ ತೂಕ

ಹದಿನಾಲ್ಕು ವರ್ಷ, ರಾತ್ರಿಗೊಂದು.
ಬರೆದುಕೊಟ್ಟ ಡಾಕ್ಟರು ಸತ್ತರು, ಚೀಟಿ ಸಾಯಲಿಲ್ಲ.
ಹೊಸಬಳು, ಮೂಗಿನ ಮೇಲೆ ಮಚ್ಚೆಯಿರುವ ಹುಡುಗಿ,
ನನ್ನ ಕಡತ ಓದಿ ಕನ್ನಡಕ ತೆಗೆದಿಟ್ಟಳು:
"ಒಮ್ಮೆಗೇ ಬಿಡಬೇಡಿ, ದೋನಾ ಝುಲ್ಮಿರಾ.
ಅರದಲ್ಲಿ ಉಜ್ಜಿದ ಹಾಗೆ, ಇಷ್ಟಿಷ್ಟೇ."

ನಮ್ಮ ಮನೆಯಲ್ಲಿ ಅರಕ್ಕೇನು ಬರ!
ಗೊಂಡೊಮಾರಿನ ಈ ಓಣಿಯಲ್ಲಿ
ಗಂಡಸರು ಚೌಕಟ್ಟು ಬಗ್ಗಿಸುತ್ತಾರೆ,
ನಾವು ಹೆಂಗಸರು ಒಳಗೆ ಕುಸುರಿ ತುಂಬುತ್ತೇವೆ.
ಕೂದಲೆಳೆಯ ಚಿನ್ನ, ಚಿಮಟದ ತುದಿ,
ಸುರುಳಿಯ ಪಕ್ಕ ಸುರುಳಿ,
ಅಂಗೈಯಗಲದ ಒಂದು ಹೃದಯ ತುಂಬಲು ಮೂರು ದಿನ.

ಈಗ ಅದೇ ತಕ್ಕಡಿಯಲ್ಲಿ ಗುಳಿಗೆ.
ಅಕ್ಕನ ಚಿನ್ನದಲ್ಲೂ ಗುಲಗಂಜಿ ಕದಿಯದೆ ಬಿಡದ ಕಸುಬು;
ನಾನು ನನ್ನಿಂದಲೇ ಕದಿಯುತ್ತಿದ್ದೇನೆ,
ಹದಿನೈದು ದಿನಕ್ಕೊಮ್ಮೆ ಇನ್ನೊಂದು ಚೂರು.
ಕದ್ದದ್ದು ಮೈಗೆ ಗೊತ್ತಾಗಿಬಿಡುತ್ತದೆ.

ಮೊದಲು ಮೀನಖಂಡ:
ಚರ್ಮದಡಿ ಯಾರೋ ಹುರುಳಿ ಹುರಿಯುತ್ತಾರೆ.
ಆಮೇಲೆ ದವಡೆ, ರಾತ್ರಿಯಿಡೀ ಕಲ್ಲು ಕಚ್ಚಿದ ಹಾಗೆ.
ಬೆನ್ನಿಗೆ ಕುದಿನೀರು ಸುರಿದಂಥ ಉರಿ,
ಮುಟ್ಟಿ ನೋಡಿದರೆ ತಣ್ಣಗಿದೆ.
ಆರ್ಮಿಂಡೋ ಊದುಕೊಳವೆ ಇಟ್ಟು ಮಲಗಿ ಎಷ್ಟೋ ಹೊತ್ತಾಯಿತು,
ನನ್ನ ಕಿವಿಯೊಳಗೆ ಇನ್ನೂ ಊದುತ್ತಲೇ ಇದ್ದಾನೆ.

ಮೂರು ಗಂಟೆಗೆ ಅಡುಗೆಮನೆ.
ಬೋಗುಣಿಯಲ್ಲಿ ಬೆಚ್ಚನೆ ನೀರು, ಅದರಲ್ಲಿ ಪಾದ.
ನೀರು ಆರುವ ತನಕ ಏನೂ ಯೋಚಿಸಬಾರದೆಂದು ನಿಯಮ,
ಯೋಚನೆ ನಿಯಮ ಓದಿಲ್ಲ.
ಎಣಿಸುತ್ತೇನೆ: ಕಿಟಕಿಯಾಚೆ, ಡೌರೋ ನದಿಯ ಆ ದಡದ ದೀಪ.
ಮೂವತ್ತೊಂದು. ನಿನ್ನೆ ಮೂವತ್ತಾರಿತ್ತು.
ಐದು ಮನೆಯವರಿಗೆ ನಿದ್ದೆ ಬಂದಿದೆ,
ಹೊಟ್ಟೆಕಿಚ್ಚಾಗುತ್ತದೆ.
ನಿನ್ನೆಯ ರೊಟ್ಟಿಯನ್ನು ಬೆಳ್ಳುಳ್ಳಿ ಸಾರಲ್ಲಿ ನೆನೆಸಿ
ಎರಡು ಚಮಚ. ನಿಂತಿತು. ಮೂರನೆಯದು ನಿಲ್ಲಲಿಲ್ಲ.

ಏಳನೆಯ ಚೂರಿಗೆ ಕೈ ನಡುಗಿ
ಸುರುಳಿಗಳು ಹಾರಿ ನೆಲಕ್ಕೆ ಬಿದ್ದವು.
ಹೃದಯ ವಾಪಸು ಬಂತು.
ದಲ್ಲಾಳಿ ವಾಲ್ದೆಮಾರ್ ಬಾಗಿಲಲ್ಲೇ ನಿಂತು ಕೇಳಿದ,
ಮೆಲ್ಲಗೆ, ಒಳ್ಳೆಯವನ ಹಾಗೆ:
"ಕುಡಿಯೋದು ಶುರುಮಾಡಿದ್ದೀಯೇನು?"
ಹೌದು ಅಂದೆ.
ಅದು ಅವನಿಗೆ ಬೇಗ ಅರ್ಥವಾಗುತ್ತದೆ.

ಹುಡುಗಿಗೆ ಫೋನು ಮಾಡಿ ಅತ್ತೆ.
"ಹಿಂದಕ್ಕೆ ಬೇಡ, ಮುಂದಕ್ಕೂ ಬೇಡ,
ಇದ್ದಲ್ಲೇ ನಿಲ್ಲಿ. ತಿಂಗಳಾದರೂ ಸರಿ."
ಇದನ್ನು ನನಗೆ ಹೇಳಿಕೊಡಬೇಕಿತ್ತೆ?
ಅಚ್ಚಿನ ತೂತಿನಲ್ಲಿ ಎಳೆದೆಳೆದು ತಂತಿ ಪೆಡಸಾದಾಗ
ಮತ್ತೆ ಎಳೆದರೆ ತುಂಡಾಗುತ್ತದೆ.
ಕೆಂಪಗೆ ಕಾಯಿಸಿ, ಆರಲು ಬಿಟ್ಟು,
ಕೈಕಟ್ಟಿ ಕೂರಬೇಕು.
ಒಂಬತ್ತನೆಯ ವಯಸ್ಸಿಗೆ ಅವ್ವ ಕಲಿಸಿದ್ದಳು,
ಚಿನ್ನಕ್ಕೆ.

ಕೂತೆ. ಐದು ವಾರ.
ಬೆವರಿಗೆ ಹುಳಿವಾಸನೆ; ಹಾಸಿಗೆಬಟ್ಟೆ ದಿನವೂ ತಂತಿಯ ಮೇಲೆ.
ಪಕ್ಕದ ಮನೆಯ ಎರ್ಮೆಲಿಂಡಾ ಏನೂ ಕೇಳದೆ
ತನ್ನ ಕ್ಲಿಪ್ಪುಗಳ ಬುಟ್ಟಿಯನ್ನು ಗೋಡೆಯ ಮೇಲೆ ಇಟ್ಟುಹೋದಳು.

ಇವತ್ತು ಚಿಮಟ ಹಿಡಿದೆ.
ನಾಲ್ಕು ಸುರುಳಿ ನಿಂತವು.
ಐದನೆಯದು ಸೊಟ್ಟ, ಇರಲಿ.

ಅಕ್ಕಸಾಲಿಗರ ಮನೆಯಲ್ಲಿ ಪುಡಿ ಎಸೆಯುವ ವಾಡಿಕೆಯಿಲ್ಲ.
ಎಂಟು ತಿಂಗಳು ಅರದಿಂದುದುರಿದ ಬಿಳಿ ಹುಡಿ
ಒಂದು ಡಬ್ಬಿಯಲ್ಲಿದೆ,
ಯಾಕೆ ಎತ್ತಿಟ್ಟೆನೆಂದು ನನ್ನನ್ನು ನಾನೇ ಕೇಳಿಲ್ಲ.
ರಾತ್ರಿ ತೆಗೆದೆ. ಬೆರಳ ತುದಿ ಒದ್ದೆಯಾಗಿತ್ತು.
ಸೆರಗಿಲ್ಲದ ಮೈ, ಲಂಗಕ್ಕೇ ಒರೆಸಿಕೊಂಡೆ,
ಹುಡಿಯನ್ನು ತಕ್ಕಡಿಗೆ ಸುರಿದೆ.

ಒಂಬತ್ತು ಗ್ರಾಮ್.
ತಕ್ಕಡಿಯ ಸದ್ದಿಗೆ ಆರ್ಮಿಂಡೋ ಮಗ್ಗುಲಾದ.
"ಏನು ತೂಗ್ತಿದ್ದೀಯೇ ಇಷ್ಟು ಹೊತ್ತಲ್ಲಿ?"
"ಓಲೆ."
"ಯಾರದು?"
"ನಂದೇ," ಅಂದೆ.